ಸ್ಲ್ಯಾಬಿನ ಮೇಲೆ, ಸ್ಲ್ಯಾಬಿನ ಕೆಳಗೆ

೨೦೧೯ರ ಮಾರ್ಚ್ ೧೨, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ಜೈಲಿನ ನಾಲ್ಕನೆಯ ಬ್ಯಾರಕ್ಕಿನ ಬೀಗ ತೆಗೆದರು. ಗಾಳಿ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ ಎಂದು ಒಂಬತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವಳು ನಾನು. ಇಲ್ಲಿ ಅದು ಹರಿಯಲಿಲ್ಲ, ಮೈಮೇಲೆ ಬಿತ್ತು. ವಾಸನೆಯನ್ನು ಬಿಡಿಸಿ ನೋಡುವುದು ನನ್ನ ಅಭ್ಯಾಸ. ಅಮೋನಿಯಾ, ಫಿನೈಲು, ಒಗೆಯದೆ ಒಣಗಿದ ಕಂಬಳಿ, ಇವೆಲ್ಲದರ ಅಡಿಯಲ್ಲಿ ಕೀವಾದ ಹುಣ್ಣಿನ ಒಂದು ಬಗೆಯ ಸಿಹಿ ನಾತ.

"ಮೊದಲ ಐದು ನಿಮಿಷ ಅಷ್ಟೇ ಮೇಡಂ. ಆಮೇಲೆ ಮೂಗೇ ರಾಜೀನಾಮೆ ಕೊಡುತ್ತೆ," ಎಂದರು ಜೈಲರ್. ಸ್ವತಃ ಅವರು ಹೊಸ್ತಿಲು ದಾಟಲಿಲ್ಲ.

ನಾನು ಅಲ್ಲಿಗೆ ಹೋದದ್ದು ಅಪರಾಧಶಾಸ್ತ್ರ ಮತ್ತು ಅಪರಾಧ ನ್ಯಾಯ ವಿಷಯದ ಎಂ.ಎ. ಎರಡನೆಯ ವರ್ಷದ ಪ್ರಬಂಧಕ್ಕಾಗಿ. ಮೇಷ್ಟ್ರ ಕೆಲಸ ಬಿಟ್ಟು ಪ್ರೊಬೇಷನ್ ಕಚೇರಿಯಲ್ಲಿ ಹಂಗಾಮಿ ಸಹಾಯಕಿಯಾಗಿ ಸೇರಿದ್ದೆ. ಜೂನ್ ಒಳಗೆ ಪದವಿ ಕೈಗೆ ಬಂದರೆ ಕೆಲಸ ಕಾಯಂ, ಬಾರದಿದ್ದರೆ ಮನೆ. ಪದವಿ ಬರಬೇಕಾದರೆ ಪ್ರಬಂಧದ ಮೊದಲ ಪುಟದಲ್ಲಿ ನನ್ನ ಗೈಡ್ ಸಹಿ ಹಾಕಬೇಕು. ವಿಚಾರಣಾಧೀನ ಕೈದಿಗೆ ಮಲಗಲು ಎಷ್ಟು ಜಾಗ ಸಿಗುತ್ತದೆ ಎಂಬುದು ನನ್ನ ವಿಷಯ. ಅಳತೆ ನನ್ನದು, ಅದನ್ನು ಆಧರಿಸಿ ವಿಶ್ವವಿದ್ಯಾಲಯದ ನಮ್ಮ ವಿಭಾಗವು ಜೈಲು ತಪಾಸಣೆಯ ನ್ಯಾಯಾಧೀಶರಿಗೆ ವರದಿ ಕೊಡುವುದೆಂದು ಒಪ್ಪಂದವಾಗಿತ್ತು.

ಬ್ಯಾರಕ್ಕಿನ ಎರಡೂ ಉದ್ದಗೋಡೆಗಳಿಗೆ ಅಂಟಿಕೊಂಡಂತೆ ಮೊಣಕಾಲಿಗಿಂತ ತುಸು ಎತ್ತರದಲ್ಲಿ ಕಾಂಕ್ರೀಟ್ ಸ್ಲ್ಯಾಬುಗಳಿದ್ದವು. ಮಲಗಲೆಂದು ಕಟ್ಟಿದವು. ಸ್ಲ್ಯಾಬಿನ ಮೇಲೆ ಮಲಗುವವರನ್ನು ಒಳಗಿನವರು 'ಮಹಡಿಯವರು' ಎನ್ನುತ್ತಿದ್ದರು. ಸ್ಲ್ಯಾಬಿನ ಕೆಳಗೆ ತೂರಿಕೊಂಡು ಮಲಗುವವರು 'ನೆಲಮಾಳಿಗೆಯವರು'. ಮೂಲೆಯಲ್ಲಿ ಸೊಂಟದೆತ್ತರದ ಗೋಡೆಯ ಕಕ್ಕಸು. ಅದರ ಮಗ್ಗುಲಲ್ಲಿ ಮಲಗುವವರಿಗೆ ಹೆಸರೂ ಇರಲಿಲ್ಲ.

ಟೇಪಿನ ಇನ್ನೊಂದು ತುದಿ ಹಿಡಿಯಲು ಬಂದವನು ಒಬ್ಬ ಲಾರಿ ಡ್ರೈವರ್. ಅಪಘಾತದ ಕೇಸು, ಒಳಗೆ ಬಂದು ಹದಿನಾಲ್ಕು ತಿಂಗಳಾಗಿತ್ತು, ಇನ್ನೂ ಒಂದು ಸಾಕ್ಷಿಯ ವಿಚಾರಣೆಯೂ ನಡೆದಿರಲಿಲ್ಲ.

"ಟೇಪು ಮೇಡಂ, ಹಂಗೇ ನನ್ನ ಎದೆ ಸುತ್ತಳತೆನೂ ತಗೊಳ್ಳಿ. ಬಿಡುಗಡೆ ದಿನಕ್ಕೆ ಒಂದು ಶರಟು ಹೊಲಿಸ್ಬೇಕು."

"ಅಷ್ಟ್ರಲ್ಲಿ ನೀನು ಇಳಿದುಹೋಗಿರ್ತೀಯ, ಲೂಸಾಗುತ್ತೆ," ಎಂದ ಮಹಡಿಯ ಮೇಲಿನಿಂದ ಒಬ್ಬ.

ಎಲ್ಲರೂ ನಕ್ಕರು. ನಕ್ಕವರ ಬೆರಳ ಸಂದುಗಳಲ್ಲಿ ಕಜ್ಜಿ ಇತ್ತು, ನಗುತ್ತಲೇ ಕೆರೆದುಕೊಳ್ಳುತ್ತಿದ್ದರು. ನಾನು ಬಗ್ಗಿ ಸ್ಲ್ಯಾಬಿನ ಅಡಿಯ ಎತ್ತರ ನೋಡಿದೆ. ಮುಖಗಳ ನೇರಕ್ಕೆ ಕಾಂಕ್ರೀಟು ಕಪ್ಪಾಗಿ ಜಿಡ್ಡುಗಟ್ಟಿತ್ತು, ವರ್ಷಗಟ್ಟಲೆ ಯಾರ್ಯಾರೋ ಬಿಟ್ಟ ಉಸಿರು. ಟೇಪನ್ನು ಸುತ್ತಿಕೊಂಡಾಗ ಅದರ ಜೊತೆ ಕೂದಲು, ಚರ್ಮದ ಹೊಟ್ಟು, ಏನೋ ಅಂಟು ಎಲ್ಲವೂ ಡಬ್ಬಿಯೊಳಗೆ ಸುತ್ತಿಕೊಂಡವು.

ಹೊರಗೆ ಬಂದು ಲೆಕ್ಕ ಹಾಕತೊಡಗಿದಾಗ ಜೈಲರ್ ಪಕ್ಕಕ್ಕೆ ಬಂದು ಕೂತರು. ಒಳ್ಳೆಯ ಮನುಷ್ಯನೇ. ಚಹಾ ತರಿಸಿದರು, ಸಣ್ಣ ಚಾಕುವಿನಲ್ಲಿ ಉಗುರು ಕೆರೆಯುತ್ತ ನನ್ನ ಹಾಳೆಯ ಮೇಲೆ ಕಣ್ಣಾಡಿಸಿದರು.

"ಸ್ಲ್ಯಾಬು ಎಲ್ಲಿ ಮೇಡಂ? ಸೇರಿಸಿಲ್ವಲ್ಲ."

"ನೆಲ ಪೂರ್ತಿ ಸೇರಿಸಿದೀನಲ್ಲ ಸಾರ್. ಸ್ಲ್ಯಾಬು ಆ ನೆಲದ ಮೇಲೇ ಇದೆ."

"ಅದು ಹೊರಗಿನವರ ಲೆಕ್ಕ. ನಮ್ಮ ಲೆಕ್ಕ ಹಂಗಲ್ಲ. ಮೇಲೊಬ್ಬ ಮಲಗ್ತಾನೆ, ಅದೊಂದು ಜಾಗ. ಕೆಳಗೊಬ್ಬ ಮಲಗ್ತಾನೆ, ಅದಿನ್ನೊಂದು ಜಾಗ. ಎರಡನ್ನೂ ಕೂಡಿಸ್ಬೇಕು. ಮೊದಲಿಂದ್ಲೂ ಹಂಗೇ. ಕೂಡಿಸಿ ನೋಡಿ, ತಲೆಗೆ ಹತ್ತತ್ರ ಎರಡು ಚದರ ಮೀಟರ್ ಬರುತ್ತೆ. ಜೈಲು ಕೈಪಿಡೀಲಿ ಇರೋದೂ ಎರಡೇ."

"ಕಕ್ಕಸನ್ನೂ ಸೇರಿಸ್ತೀರಾ?"

"ಅಲ್ಲೂ ಒಬ್ಬ ಮಲಗ್ತಾನಲ್ರೀ," ಎಂದರು, ನನ್ನ ದಡ್ಡತನಕ್ಕೆ ಮರುಗಿದವರಂತೆ.

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ಹೇಸಿಗೆ ತಂದದ್ದು. ಮನುಷ್ಯ ಹಾವಿನಂತೆ ತೂರಿಕೊಳ್ಳಬಲ್ಲ ಎಂಬುದನ್ನು ಕಂಡಿದ್ದರು, ತೂರಿಕೊಂಡ ಸಂದನ್ನೂ ಕೋಣೆಯೆಂದು ಕರೆದಿದ್ದರು, ಹೀಗೆ ಎಷ್ಟು ಜನ ತುಂಬಿದರೂ ಜಾಗ ತಾನೇ ಬೆಳೆಯುವ ಒಂದು ಗಣಿತವನ್ನು ಕಂಡುಹಿಡಿದಿದ್ದರು. ನಾನು ಕಕ್ಕಸು ಕಳೆದು, ಸ್ಲ್ಯಾಬನ್ನು ಎರಡನೇ ಸಲ ಕೂಡಿಸದೆ ಭಾಗಿಸಿದೆ. ಮೂವತ್ತೆಂಟು ಜನಕ್ಕೆ ತಲೆಗೆ ಒಂದು ಬಿಂದು ಒಂದು ಎಂಟು ಬಂತು.

ಮನೆಗೆ ಹೋದಾಗ ಅಕ್ಕ ಬಾಗಿಲಲ್ಲೇ ತಡೆದಳು. ಅವಳು ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ಕೊಳೆತ ದವಡೆಗಳನ್ನು ದಿನವಿಡೀ ನೋಡಿದರೂ ಮುಖ ಕಿವುಚದವಳು.

"ಅಲ್ಲೇ ನಿಂತ್ಕೋ. ಏನೇ ಇದು, ಸತ್ತ ಇಲಿ ಜೇಬಲ್ಲಿ ಇಟ್ಕೊಂಡು ಬಂದಿದೀಯಾ? ನೇರ ಬಚ್ಚಲಿಗೆ ನಡಿ."

ಒಳಗಿನಿಂದ ಬಾವ ಕೂಗಿದರು: "ಮೂವತ್ತೆಂಟನೇ ವಯಸ್ಸಿಗೆ ಓದೋಕೆ ಹೋಗಿ ಜೈಲು ಸೇರಿದವಳು ನಮ್ಮನೆ ಹುಡುಗಿ ಒಬ್ಬಳೇ!"

ಎರಡು ಸಲ ಸೋಪು ಹಚ್ಚಿ ತಿಕ್ಕಿದೆ. ವಾಸನೆ ಚರ್ಮದಲ್ಲಿರಲಿಲ್ಲ, ಹೋಗಲೂ ಇಲ್ಲ. ಊಟಕ್ಕೆ ಕೂತರೆ ತಟ್ಟೆಯಿಂದಲೇ ಅದು ಎದ್ದು ಬಂದಂತಾಗಿ ಕೈ ತೊಳೆದುಬಿಟ್ಟೆ.

ಗೈಡ್ ವಿಷಯ ಹೇಳಬೇಕು. ಶಿಕ್ಷೆಯ ಸಿದ್ಧಾಂತಗಳು ಎಂಬ ಪತ್ರಿಕೆಯನ್ನು ಅವರೇ ಬೋಧಿಸುತ್ತಿದ್ದರು. ಮಾನವ ಘನತೆಯ ಬಗ್ಗೆ ಅವರು ಮಾತಾಡುವಾಗ ನಮ್ಮ ತರಗತಿಯ ಪೊಲೀಸ್ ದಫೇದಾರರು ಕೂಡ ಮೊಬೈಲ್ ಕೆಳಗಿಡುತ್ತಿದ್ದರು. ಅವರ ಕೋಣೆಗೆ ಹೋದಾಗ ಅವರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತ, ನಾನು ಬ್ಯಾರಕ್ಕಿನಲ್ಲಿ ತೆಗೆದ ಫೋಟೋಗಳನ್ನು ನೋಡುತ್ತಿದ್ದರು. ಕಜ್ಜಿಯ ಕೈಯೊಂದರ ಚಿತ್ರ ಪರದೆಯ ತುಂಬ ಇತ್ತು. ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅದನ್ನು ಬೆರಳಿನಿಂದಲೇ ಎತ್ತಿ ತಿಂದರು.

"ಚೆನ್ನಾಗಿದೆ. ಒಳ್ಳೇ ಡೇಟಾ. ವರದಿಯ ಕರಡನ್ನ ಜೈಲರ್‌ಗೆ ಕಳಿಸಿದೀನಿ."

"ಅವರಿಗಾ? ನ್ಯಾಯಾಧೀಶರಿಗಿಂತ ಮೊದಲು?"

"ಪದ್ಧತಿ ಕಣಮ್ಮ. ವರದಿ ಹೋಗೋಕೆ ಮುಂಚೆ ಅವರಿಗೊಂದು ಸಲ ತೋರಿಸ್ತೀವಿ. ಸೌಜನ್ಯ. ಅವರು ಬಾಗಿಲು ತೆಗೆದ್ರೆ ತಾನೇ ಮುಂದಿನ ವರ್ಷದ ಮಕ್ಕಳು ಒಳಗೆ ಹೋಗೋದು? ನೀನೊಬ್ಬಳು ಓದಿ ಹೋಗ್ತೀಯ, ವಿಭಾಗ ಇಲ್ಲೇ ಇರುತ್ತೆ."

"ಅಂಕಿ ಬದಲಾಯಿಸ್ಬೇಕು ಅಂತ ಹೇಳ್ತಿದೀರಾ ಸಾರ್?"

"ಛೇ, ಛೇ! ನಾನ್ಯಾಕೆ ಹೇಳ್ಲಿ? ಹದಿನೈದು ದಿನ ಬಿಟ್ಟು ನ್ಯಾಯಾಧೀಶೆ ತಪಾಸಣೆಗೆ ಬರ್ತಾರೆ. ಅವರೆದುರೇ ಇನ್ನೊಂದು ಸಲ ಅಳೆ. ಬಂದಿದ್ದನ್ನ ಬರಿ. ನಾನು ಅಲ್ಲೇ ಸಹಿ ಹಾಕಿಕೊಡ್ತೀನಿ."

ಇದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಮರು ಅಳತೆ ವಿಜ್ಞಾನದ ಮೊದಲ ಪಾಠ. ಆದರೂ ಅವರ ತುಟಿಗಂಟಿದ್ದ ಬಿಸ್ಕತ್ತಿನ ಪುಡಿ ನೋಡುತ್ತ ಕೂತಾಗ ಬ್ಯಾರಕ್ಕಿನ ಆ ಸಿಹಿ ನಾತವೇ ಮೂಗಿಗೆ ಬಂತು.

ಅಕ್ಕನಿಗೆ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಲೇ, "ಸಹಿ ಹಾಕಿಸ್ಕೊಂಡು ಬಾ. ಕಾಯಂ ಆದ್ಮೇಲೆ ಎಷ್ಟು ಬೇಕಾದ್ರೂ ಅಳೆ," ಎಂದಳು.

ತಪಾಸಣೆಯ ದಿನ ಜೈಲಿನ ದಾರಿಗೆ ಸುಣ್ಣದ ಗೆರೆ ಎಳೆದಿದ್ದರು. ನ್ಯಾಯಾಧೀಶೆ ಐವತ್ತು ದಾಟಿದವರು, ಮೊಣಕಾಲು ನೋವಿನವರು, ಹೆಚ್ಚು ಮಾತಿಲ್ಲದವರು. ಅವರ ಹಿಂದೆ ಜೈಲರ್, ಗೈಡ್, ಕೊನೆಯಲ್ಲಿ ಟೇಪು ಹಿಡಿದ ನಾನು. ನಾಲ್ಕನೆಯ ಬ್ಯಾರಕ್ಕಿನ ಬಾಗಿಲು ತೆರೆಯಿತು. ಫಿನೈಲಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಹೊಸ ಚಾಪೆಗಳು. ಸ್ನಾನ ಮಾಡಿಸಿ ಕೂರಿಸಿದ್ದ ಇಪ್ಪತ್ತು ಜನ ಸ್ಲ್ಯಾಬಿನ ಮೇಲೆ ಮದುವೆಮನೆಯ ಬೀಗರ ಹಾಗೆ ಕಾಲು ಇಳಿಬಿಟ್ಟು ಕೂತಿದ್ದರು. ಸ್ಲ್ಯಾಬಿನ ಕೆಳಗೆ ಯಾರೂ ಇರಲಿಲ್ಲ.

ಅಳೆದೆ. ಕಕ್ಕಸು ಕಳೆದು, ಸ್ಲ್ಯಾಬು ಬಿಟ್ಟು, ತಲೆಗೆ ಎರಡು ಬಿಂದು ಎರಡು ಐದು.

"ಕೈಪಿಡಿಗಿಂತ ಜಾಸ್ತೀನೇ ಇದೆ," ಎಂದರು ಗೈಡ್. ನನ್ನ ಪ್ರಬಂಧದ ಪ್ರತಿ ಅವರ ಚೀಲದಲ್ಲೇ ಇತ್ತು. ಮೊದಲ ಪುಟ ತೆರೆದು, ಪೆನ್ನಿನ ಟೋಪಿ ತೆಗೆದು ನನ್ನ ಕಡೆ ನೋಡಿ ಮುಗುಳ್ನಕ್ಕರು. "ನೋಡಿದ್ಯಾ? ನಿನ್ನ ಸಂಶೋಧನೆಯಿಂದ ಸುಧಾರಣೆ ಆಯ್ತು. ಎಷ್ಟು ಜನ ಸಂಶೋಧಕರಿಗೆ ಈ ಭಾಗ್ಯ ಸಿಗುತ್ತೆ?"

ನಾನು ನಂಬಲೂ ಬಹುದಿತ್ತು. ಆದರೆ ಲಾರಿ ಡ್ರೈವರ್ ಅಲ್ಲಿರಲಿಲ್ಲ.

"ಉಳಿದವರು ಬಿಡುಗಡೆ ಆದ್ರಾ ಸಾರ್?" ಎಂದು ಜೈಲರನ್ನು ಕೇಳಿದೆ.

"ವರ್ಗಾವಣೆ," ಎಂದರು.

"ಯಾವ ಜೈಲಿಗೆ?"

ಅವರು ಉತ್ತರ ಕೊಡುವಷ್ಟರಲ್ಲಿ ಗೋಡೆಯಾಚೆ, ಐದನೆಯ ಬ್ಯಾರಕ್ಕಿನಲ್ಲಿ ಯಾರೋ ಕೆಮ್ಮಿದರು. ಒಬ್ಬ ಕೆಮ್ಮಿದ್ದಕ್ಕೆ ಇನ್ನೊಬ್ಬ, ಅವನಿಗೆ ಮತ್ತೊಬ್ಬ. ಇಕ್ಕಟ್ಟಿನಲ್ಲಿ ಕೆಮ್ಮು ಎದೆಯಿಂದ ಎದೆಗೆ ದಾಟುವ ಸದ್ದು. ಕಿಟಕಿಯ ಸಂದಿನಿಂದ ಅದೇ ಸಿಹಿ ನಾತ ತೇಲಿಬಂತು. ಮೂಗು ರಾಜೀನಾಮೆ ಕೊಟ್ಟಿರಲಿಲ್ಲ.

"ಐದನೇ ಬ್ಯಾರಕ್ಕನ್ನೂ ಅಳೀಬಹುದಾ ಮೇಡಂ?" ಎಂದು ನ್ಯಾಯಾಧೀಶೆಯನ್ನು ಕೇಳಿದೆ.

ಗೈಡ್ ನಡುವೆ ಬಂದರು. "ಅವಳ ಪ್ರಬಂಧ ನಾಲ್ಕರ ಮೇಲೆ ಮಾತ್ರ ಮೇಡಂ. ವ್ಯಾಪ್ತಿ ಮೀರುತ್ತೆ." ನನ್ನ ಕಿವಿಯ ಹತ್ತಿರ, ನಗು ಕಳಚದೆ, "ಐದಕ್ಕೆ ಹೋದ್ರೆ ನನ್ನ ಸಹಿ ಮರೆತುಬಿಡು," ಎಂದರು. ಪೆನ್ನಿನ ಟೋಪಿ ಮುಚ್ಚಿಕೊಂಡಿತು.

"ಐದರ ಕೀಲಿಕೈ ರಜಾದಲ್ಲಿರೋ ವಾರ್ಡರ್ ಹತ್ರ ಇದೆ," ಎಂದರು ಜೈಲರ್.

ನ್ಯಾಯಾಧೀಶೆ ಗೋಡೆಗೆ ಒರಗಿ ಮೊಣಕಾಲು ಒತ್ತಿಕೊಂಡರು. "ಒಳಗೆ ಜನ ಇದಾರೆ, ಕೀಲಿಕೈ ರಜಾದಲ್ಲಿದೆ. ಬೆಂಕಿ ಬಿದ್ರೆ ಏನ್ರೀ ಮಾಡ್ತೀರಿ? ತರಿಸಿ. ನಾನು ಕಾಯ್ತೀನಿ."

ಕೀಲಿಕೈ ಜೈಲರ್ ಮೇಜಿನಲ್ಲೇ ಇತ್ತು.

ಐದನೆಯ ಬಾಗಿಲು ಒಳಕ್ಕೆ ತೆರೆಯಬೇಕಿತ್ತು, ತೆರೆಯಲಿಲ್ಲ. ಒಳಗಿನವರು ಒಬ್ಬರ ಮೇಲೊಬ್ಬರು ಸರಿದು ಜಾಗ ಬಿಟ್ಟ ಮೇಲೆ ಅರ್ಧ ತೆರೆಯಿತು. ಕೂರಲು ಜಾಗವಿಲ್ಲದೆ ಹೆಚ್ಚಿನವರು ನಿಂತಿದ್ದರು. ಕಕ್ಕಸಿನ ಕುಳಿಯ ಎರಡೂ ಬದಿಗೆ ಕಾಲಿಟ್ಟು ಒಬ್ಬ ಮುದುಕ ಅಂಗಿಯ ತುದಿಯನ್ನು ಮೂಗಿಗೆ ಒತ್ತಿಕೊಂಡು ನಿಂತಿದ್ದ. ಅವನ ಪಾದಗಳು ಒದ್ದೆಯಾಗಿದ್ದವು. ಸ್ಲ್ಯಾಬಿನ ಕೆಳಗಿನಿಂದ ಕಾಲುಗಳಷ್ಟೇ ಕಾಣುತ್ತಿದ್ದವು. ಯಾರೋ ವಾಂತಿ ಮಾಡಿದ್ದರು, ಅದರ ಮೇಲೆ ನಿಲ್ಲದೆ ಬೇರೆ ದಾರಿ ಇರಲಿಲ್ಲ.

ಲಾರಿ ಡ್ರೈವರ್ ಬಾಗಿಲ ಬಳಿಯೇ ಇದ್ದ. ಈ ಸಲ ಶರಟಿನ ಮಾತಿಲ್ಲ.

"ನೋಡಿ ಟೇಪು ಮೇಡಂ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ನೀವು ನಾಲ್ಕನ್ನ ಅಳೆದ್ರಿ, ನಮ್ಮನ್ನ ತಂದು ಐದಕ್ಕೆ ತುರುಕಿದ್ರು. ಇದನ್ನೂ ಅಳೆದು ಆರಕ್ಕೆ ಕಳಿಸ್ತೀರಾ?"

ಟೇಪಿನ ತುದಿಯನ್ನು ಅವನ ಕಡೆ ಚಾಚಿದೆ. ಅವನು ಒಂದು ಗಳಿಗೆ ಅದನ್ನೇ ನೋಡಿದ. ಆಮೇಲೆ ಹಿಡಿದುಕೊಂಡು ಹಿಂದಿನವನಿಗೆ ಕೊಟ್ಟ. ಅವನು ಅವನ ಹಿಂದಿನವನಿಗೆ. ನೆಲಕ್ಕೆ ಇಳಿಯಲು ಎಡೆಯಿಲ್ಲದ ಟೇಪು ತಲೆಗಳ ಮೇಲೆ ಕೈಯಿಂದ ಕೈಗೆ ಸಾಗಿ ಆಚೆ ಗೋಡೆ ಮುಟ್ಟಿತು. ಅಡ್ಡಕ್ಕೂ ಹಾಗೆಯೇ. ಕಕ್ಕಸಿನ ಅಳತೆಗೆ ನಾನೇ ಒಳಗೆ ಹೋದೆ. ಚಪ್ಪಲಿಯೊಳಗೆ ಬೆಚ್ಚಗಿನದೇನೋ ನುಗ್ಗಿತು. ಮುದುಕ "ಜೋಪಾನ ಮಗಳೇ, ಜಾರುತ್ತೆ" ಎಂದು ಕೈ ಹಿಡಿದ. ಅವನ ಕೈ ಒರಟಾಗಿ, ಕಜ್ಜಿಯ ಹಕ್ಕಳೆಗಳಿಂದ ತುಂಬಿತ್ತು. ಬಿಡಿಸಿಕೊಳ್ಳಬೇಕೆನಿಸಿತು; ಬಿಡಿಸಿಕೊಳ್ಳಲಿಲ್ಲ. ಜನರನ್ನು ನ್ಯಾಯಾಧೀಶೆಯೇ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಎಣಿಸಿದರು. ಐವತ್ತನಾಲ್ಕು.

ಹೊರಗೆ ಬಂದಾಗ ಗೈಡ್ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ದೂರ ನಿಂತಿದ್ದರು. ಪ್ರಬಂಧ ಅವರ ಚೀಲದೊಳಗೆ ಹೋಗಿತ್ತು, ಚೀಲದ ಜಿಪ್ಪು ಹಾಕಿತ್ತು.

"ಎಷ್ಟು?" ಎಂದು ಕೇಳಿದರು ನ್ಯಾಯಾಧೀಶೆ.

"ಸ್ಲ್ಯಾಬಿನ ಮೇಲ್ಭಾಗ ಸೇರಿಸ್ಬೇಕು ಮೇಡಂ, ನಮ್ಮ ಪದ್ಧತಿ—" ಎಂದು ಜೈಲರ್ ಶುರುಮಾಡಿದರು.

"ನಾನು ಅವರನ್ನ ಕೇಳ್ದೆ."

ಗೋಡೆಗೆ ಹಾಳೆಯೊತ್ತಿ ಎರಡು ಸಲ ಭಾಗಿಸಿದೆ. ಬೆರಳು ಅಂಟುತ್ತಿತ್ತು. ಸ್ಲ್ಯಾಬು ಸೇರಿಸಲಿಲ್ಲ, ಕಕ್ಕಸು ಸೇರಿಸಲಿಲ್ಲ. ಬಾಗಿಲ ಸಂದಿನಿಂದ ನೋಡುತ್ತಿದ್ದವರಿಗೂ ಕೇಳುವಂತೆ ಓದಿದೆ: ತಲೆಗೆ ಸೊನ್ನೆ ಬಿಂದು ಎಂಟು ಮೂರು ಚದರ ಮೀಟರ್.