ನಡುವೆ ನೀರಷ್ಟೇ

ಲಕ್ಷ್ಮೇಶ್ವರದ ಆ ಓಣಿಯಲ್ಲಿ ಮರ್ದಾನಸಾಬನ ಬಾಡಿಗೆ ಮನೆಯ ಪಡುವಣ ಗೋಡೆ ಒಂದು ಎಣ್ಣೆ ಗಿರಣಿಯ ಗೋದಾಮಿಗೆ ಬೆನ್ನು ಕೊಟ್ಟು ನಿಂತಿತ್ತು. ಶೇಂಗಾ ಎಣ್ಣೆ ಕಲ್ಲಿನೊಳಗಿಂದ ಜಿನುಗಿ ಈಚೆಗೆ ಬಂದು ಗೋಡೆಯ ಮೇಲೆ ಕರಿ ಕಲೆ ಮೂಡಿಸುತ್ತಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಬೇಸಿಗೆ ಬರುವ ಹೊತ್ತಿಗೆ ಕಲೆ ಮತ್ತೆ ಹಾಜರು. ಗಂಡ ಹೆಂಡತಿ ಐದು ಹೊತ್ತಿನ ನಮಾಜಿಗೆ ಆ ಕಲೆಯ ಎದುರಿಗೇ ನಿಲ್ಲಬೇಕು. ಕಾಬಾ ಇರುವುದು ಪಡುವಣಕ್ಕೆ, ಆ ಮನೆಯ ಪಡುವಣಕ್ಕಿದ್ದದ್ದು ಆ ಗೋಡೆ. ದೇವರಿಗೆ ಗೋಡೆ ಅಡ್ಡವೆ? ಅಲ್ಲ. ಆದರೆ ಮನುಷ್ಯನ ಕಣ್ಣಿಗೆ ಅಡ್ಡವೇ.

ಮರ್ದಾನಸಾಬ ಬಸ್ಸಿನ ಚಾಲಕ. ಗದಗಿನಿಂದ ಹುಬ್ಬಳ್ಳಿ, ಯಲ್ಲಾಪುರ ಹಾಯ್ದು ಕುಮಟಾಕ್ಕೆ ಹೋಗುವ ಬಸ್ಸನ್ನು ವರ್ಷಾನುಗಟ್ಟಲೆ ಓಡಿಸಿದವನು. ಘಟ್ಟ ಇಳಿದು ಅಂಕೋಲಾ ದಾಟಿದ ಮೇಲೆ ಒಂದು ತಿರುವಿನಲ್ಲಿ ತೆಂಗಿನ ಮರಗಳ ಸಂದಿಯಿಂದ ಕಡಲು ಕಂಡು ಮಾಯವಾಗುತ್ತಿತ್ತಂತೆ. ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿಯ ಎದುರು ಅದೇ ಮಾತು ತೆಗೆಯುವನು.

“ಅಲ್ಮಾಸ, ಆ ದಂಡಿ ಮ್ಯಾಲೆ ನಿಂತ್ರ ನಮಗೂ ಮಕ್ಕಾಕ್ಕೂ ನಡುವ ಒಂದ ಗ್ವಾಡಿ ಇಲ್ಲ ನೋಡು. ನೀರಷ್ಟ.”

“ಹೂಂ. ಪಲ್ಯಾ ಹಾಕ್ಲ್ಯಾ?” ಅನ್ನುವಳು ಅಲ್ಮಾಸಬಿ.

ಆಗಿನ ಹೂಂ ಬೇರೆ, ಈಗಿನ ಹೂಂ ಬೇರೆ. ಆಗ ನಗುತ್ತ ಅನ್ನುತ್ತಿದ್ದಳು. ಹಜ್ಜಿಗೆ ಹೋಗಬೇಕೆಂದು ಇಬ್ಬರೂ ಕೂಡಿಟ್ಟದ್ದು ಮಗಳ ದವಾಖಾನೆಗೆ ಹೋಯಿತು. ಮಗಳೂ ಹೋದಳು. ಅಡರಕಟ್ಟಿಗೆ ಕೊಟ್ಟಿದ್ದ ಮೆಹನಾಜ, ಆಚೆ ವರ್ಷದ ಮಳೆಗಾಲದಲ್ಲಿ ಜ್ವರ ಎಂದು ಮಲಗಿದವಳು ಏಳಲಿಲ್ಲ.

ಅಲ್ಮಾಸಬಿ ಅಳಲಿಲ್ಲ. ಮಣ್ಣು ಕೊಟ್ಟು ಬಂದ ದಿನ ಹೆಂಗಸರು ಅವಳ ಸುತ್ತ ಕೂತು ಅತ್ತರು, ಅವಳು ಎದ್ದು ಅವರಿಗೆಲ್ಲ ನೀರು ಕೊಟ್ಟಳು. “ಅತ್ತಬಿಡು ನಮ್ಮವ್ವಾ, ಎದಿಯೊಳಗ ಇಟ್ಕೋಬ್ಯಾಡ” ಎಂದಳು ಮಗ್ಗುಲ ಮನೆಯ ಮಂಜವ್ವ. ಎದೆಯೊಳಗೆ ಏನಾದರೂ ಇತ್ತೇ ಎಂಬುದೇ ಅವಳಿಗೆ ತಿಳಿಯಲಿಲ್ಲ. ಕೈಯನ್ನು ತಲೆಯ ಕೆಳಗೆ ಮಡಚಿ ಮಲಗಿ ಎದ್ದಾಗ ಆ ಕೈ ನಮ್ಮದೇ ಅಲ್ಲ ಅನಿಸುತ್ತದಲ್ಲ, ಒಳಗೆಲ್ಲ ಹಾಗೆ ಆಗಿತ್ತು. ರೊಟ್ಟಿ ಬಡಿದಳು, ಮಗ ಮೊಹಸಿನನ ಮಕ್ಕಳು ಬಂದರೆ ಉಣಿಸಿದಳು, ಹೊತ್ತಿಗೆ ಸರಿಯಾಗಿ ಕೈಕಾಲು ತೊಳೆದು ಗಂಡನ ಹಿಂದೆ ನಮಾಜಿಗೆ ನಿಂತಳು. ತುಟಿ ಓದುತ್ತಿತ್ತು, ಕೇಳಿಸಿಕೊಳ್ಳುವವರು ಒಳಗೆ ಯಾರೂ ಇರಲಿಲ್ಲ. ಇದನ್ನು ಗಂಡನಿಗೆ ಹೇಳಿರಲಿಲ್ಲ. ಮಗಳು ಹೋದ ಮೇಲೆ ಅವನಿಗೆ ಉಳಿದದ್ದು ನಮಾಜೊಂದೇ ಆಸರೆ. ಅದರ ಬುಡಕ್ಕೆ ತಾನು ಯಾಕೆ ಗುದ್ದಲಿ ಹಾಕಲಿ ಎಂದು ಸುಮ್ಮನಿದ್ದಳು.

ಈ ಸಲ ದೀಪಾವಳಿ ಮುಗಿದ ಮೇಲೆ ಮರ್ದಾನಸಾಬನ ನೌಕರಿ ಮುಗಿಯಿತು. ಹಾರ ಹಾಕಿಸಿಕೊಂಡು ಬಂದವನು ಹಾರ ತೆಗೆಯುವ ಮೊದಲೇ ಹೇಳಿದ: “ಕುಮಟಾದ ಆಚಿ ದಂಡಿ ಮ್ಯಾಲೆ ಒಂದ ಮನಿ ಐತಂತ. ಪಡುವಣಕ್ಕ ಕಿಡಕಿ. ಕಿಡಕ್ಯಾಗಿಂದ ಕಡಲ. ನೋಡಿ ಬರೂಣು.”

ಬೆಟಗೇರಿಯಲ್ಲಿ ಟಾಯರಿನ ಅಂಗಡಿ ಇಟ್ಟಿದ್ದ ಮೊಹಸಿನ ಓಡಿ ಬಂದ. “ನೀರ ಬೇಕಂದ್ರ ಹಮ್ಮಿಗಿ ಐತೆಲ್ಲ ಅಬ್ಬಾ. ಹೊಳಿ ದಂಡಿ ಮ್ಯಾಲೆ ಒಂದ ಖೋಲಿ ಕಟ್ಟಸ್ತೀನಿ, ಆರಾಮ ಇರ್ರಿ.”

“ಹಮ್ಮಿಗಿ ಹೊಳಿ ಆಚಿ ದಂಡಿಗೆ ಏನೈತಿ? ಮತ್ತೊಂದ ಊರ ಐತಿ. ಆ ಊರಾಗ ಮತ್ತ ಗ್ವಾಡಿ.”

“ಆ ಗಾಳಿಗೆ ಕಡಕ ರೊಟ್ಟಿ ಒಂದ ರಾತ್ರಿಗೆ ಮೆತ್ತಗ ಆಗ್ತಾವಂತ ಸಾಬರ” ಎಂದಳು ಬಾಗಿಲಲ್ಲಿ ನಿಂತ ಬೊಚ್ಚುಬಾಯಿಯ ಮಂಜವ್ವ. “ಹಲ್ಲಿಲ್ಲದವರಿಗೆ ಛಲೋ ಊರದು.”

“ಅದಕ್ಕ ನಿನ್ನ ಕರಕೊಂಡ ಹೋಗೂದಿಲ್ಲ. ಎಲ್ಲಾ ನೀನ ತಿಂದ ಬಿಡ್ತಿ.”

ಎಲ್ಲರೂ ನಕ್ಕರು. ಅಲ್ಮಾಸಬಿಯೂ ತುಟಿ ಹಿಗ್ಗಿಸಿದಳು. ಮಂದಿ ಹೋದ ಮೇಲೆ ಮರ್ದಾನಸಾಬ ದನಿ ತಗ್ಗಿಸಿ ಹೇಳಿದ: “ನೌಕರಿ ಮುಗಿದು ಕೈಗೆ ಬಂದ ರೊಕ್ಕಾ ಎಲ್ಲಾ ಆ ಮನಿಗೇ ಹಾಕಾಂವ ನಾ. ನಿನ್ನ ಸಲುವಾಗಿ. ನಿನ್ನ ಎದಿ ಇಲ್ಲೆ ಕಟಗೊಂಡ ಕುಂತೈತಿ. ಅಲ್ಲೆ ಹಣಿ ನೆಲಕ್ಕ ಹಚ್ಚಿ ಒಂದ ಸಜ್ದಾ ಮಾಡು, ತಾನ ಬಿಚ್ಚತೈತಿ.”

ಅವಳು ಹೂಂ ಎಂದಳು. ಅಂದ ಮೇಲೆ ಅದರ ಭಾರ ತಿಳಿಯಿತು. ಕಡಲ ಮುಂದೆ ನಿಂತೂ ಒಳಗೆ ಏನೂ ಆಗದಿದ್ದರೆ? ಆಗ ಇವನ ಒಂದು ಆಯುಷ್ಯದ ದುಡಿಮೆ ಇಲ್ಲದ್ದೊಂದರ ಮೇಲೆ ಸುರಿದಂತೆ. ಹೇಳಿಬಿಡಬೇಕೋ, ಬೇಡವೋ. ಆ ಮಾತು ನಾಲಿಗೆಯ ತುದಿಗೆ ಬರಲೂ ಇಲ್ಲ, ಹಿಂದಕ್ಕೆ ಹೋಗಲೂ ಇಲ್ಲ.

ಶುಕ್ರವಾರ ಬಿಟ್ಟು ಶನಿವಾರ ನಸುಕಿಗೆ ಹೊರಟರು. ಮರ್ದಾನಸಾಬ ಚಾಲಕನ ಹಿಂದಿನ ಸೀಟೇ ಬೇಕೆಂದು ಹಿಡಿದು ಕೂತ. ಘಟ್ಟದ ಇಳಿಜಾರಿನಲ್ಲಿ ತಿರುವು ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. “ಬ್ರೇಕ್ ಅಲ್ಲೆ ಇಲ್ರಿ” ಎಂದಳು ಅಲ್ಮಾಸಬಿ. “ಈ ಹುಡುಗ ಹಿಡೀವಲ್ಲ, ನಾನರ ಹಿಡೀಬೇಕಲ್ಲ” ಎಂದ. ಅಂಕೋಲಾದಾಚೆಯ ತಿರುವು ಬಂತು. ಅವಳ ಮೊಣಕೈ ತಿವಿದ. ಮರಗಳ ನಡುವೆ ಬೂದು ಬಣ್ಣದ್ದೊಂದು ಪಟ್ಟಿ ಕಂಡಿತು, ಹೋಯಿತು. ಅವನು ಸುಬಹಾನಲ್ಲಾ ಎಂದ. ಅವಳು ನೋಡಿದೆ ಎಂದಳು.

ಮನೆಯ ಒಡತಿ ಅಸ್ಮಾ, ಅರವತ್ತು ದಾಟಿದ ವಿಧವೆ, ಭಟ್ಕಳದ ತಂಗಿಯ ಮನೆಗೆ ಹೋಗಿ ನೆಲೆಸುವವಳು. ಕೆಂಪು ಕಲ್ಲಿನ ಗೋಡೆ, ಹಂಚಿನ ಮಾಡು, ಅಂಗಳದಲ್ಲಿ ಬಲೆ ಒಣಹಾಕಿದ ಬಿದಿರು. ಬಂದವರಿಗೆ ಎಳನೀರು ಕೊಟ್ಟು, “ಮೀನು ತಿಂತೀರಲ್ಲ?” ಎಂದು ಕೇಳಿದಳು.

“ತಿಂತೀವ್ರಿ. ಮುಳ್ಳ ಇಲ್ಲದ್ದು” ಎಂದ ಮರ್ದಾನಸಾಬ.

“ಮುಳ್ಳಿಲ್ಲದ ಮೀನಿಗೆ ನೀವು ಜನ್ನತ್ತಿಗೇ ಹೋಗ್ಬೇಕು, ಭಾವ.”

ಅವನು ಬಾವಿಯ ನೀರು ಕುಡಿದು ನೋಡಿದ, ತೊಲೆಗಳನ್ನು ಬಡಿದು ನೋಡಿದ. ಕಡೆಗೆ ಪಡುವಣ ಕೋಣೆಗೆ ಹೋದ. ಹೇಳಿದಂತೆಯೇ ಇತ್ತು. ದೊಡ್ಡ ಕಿಟಕಿ, ಅದರಾಚೆ ಮರಳು, ಮರಳಿನಾಚೆ ಆಕಾಶಕ್ಕೆ ತಾಗುವವರೆಗೆ ನೀರು. ಮರ್ದಾನಸಾಬ ಚೌಕಟ್ಟಿನ ಮೇಲೆ ಕೈಯಿಟ್ಟು ಹೊರಗೆ ನೋಡುತ್ತ ನಿಂತ. ಅಲ್ಮಾಸಬಿ ಅವನ ಬೆನ್ನನ್ನು ನೋಡುತ್ತ ನಿಂತಳು.

ಹೊತ್ತು ಮುಳುಗಿತು. ಸಂಜೆಯ ಬಾಂಗು ಕೇಳಿತು. ಅವನು ಚೀಲದಿಂದ ಜಾನಮಾಜು ತೆಗೆದು ಕಿಟಕಿಗೆ ನೇರವಾಗಿ ಹಾಸಿದ. ಹಿಂದೆ ಹೆಂಡತಿಗೊಂದು ಹಾಸಿದ. ದೀಪ ಹಾಕಲು ಬಂದ ಅಸ್ಮಾ ಬಾಗಿಲಲ್ಲೇ ನಿಂತಳು.

“ಅಯ್ಯೋ, ಹಾಗಲ್ಲ ಭಾವ. ಬಲಕ್ಕೆ ತಿರುಗಿ. ಇನ್ನೂ. ಆ ಮೂಲೆಗೆ.”

“ಪಡುವಣ ಇದ ಅಲ್ಲೇನ್ರಿ? ಹೊತ್ತ ಅಲ್ಲೇ ಮುಳುಗೇತಿ.”

“ಚಳಿಗಾಲದಲ್ಲಿ ಹೊತ್ತು ಎಡಕ್ಕೆ ಸರೀತದೆ. ಕಾಬಾ ಇರೋದು ಬಲಕ್ಕೆ. ನಾವೆಲ್ಲ ಆ ಮೂಲೆಗೇ ನಿಲ್ಲೋದು, ನಮ್ಮ ಮಾವನ ಕಾಲದಿಂದ.”

ಮರ್ದಾನಸಾಬ ನಂಬಲಿಲ್ಲ. ಮೊಹಸಿನ ಹಾಕಿಕೊಟ್ಟಿದ್ದ ಕಿಬ್ಲಾ, ಅಂದರೆ ಕಾಬಾದ ದಿಕ್ಕು, ತೋರಿಸುವ ಮುಳ್ಳನ್ನು ಮೊಬೈಲಿನಲ್ಲಿ ತೆರೆದ. ಕಿಟಕಿಯ ಬಳಿ ಹಿಡಿದ, ಕೋಣೆಯ ನಡುವೆ ಹಿಡಿದ, ಅಂಗಳಕ್ಕೆ ಹೋಗಿ ಹಿಡಿದ. ಎಲ್ಲಿ ಹಿಡಿದರೂ ಮುಳ್ಳು ಕಡಲನ್ನು ಎಡಕ್ಕೆ ಬಿಟ್ಟು ಬಲಮೂಲೆಯ ಗೋಡೆಯನ್ನೇ ತೋರಿಸಿತು. ಗೋಡೆಯಾಚೆ ಬಚ್ಚಲು. ಬಚ್ಚಲಿನಾಚೆ ಕಡಲಿಗೆ ಚಾಚಿಕೊಂಡ ಒಂದು ಗುಡ್ಡ.

“ಇದನ್ನ ಕಟ್ಟಿದಾಂವ ಯಾರು?” ಎಂದ ಕಡೆಗೆ.

“ಗೋಡೆ ನಮ್ಮ ಮಾವ. ಗುಡ್ಡ ಅಲ್ಲಾ” ಎಂದಳು ಅಸ್ಮಾ. “ಎಂತ ಮಾಡೋದು?” ಎನ್ನುತ್ತ ಅಡುಗೆಮನೆಗೆ ಹೋದಳು.

ಅವನು ಜಾನಮಾಜಿನ ತುದಿ ಹಿಡಿದು ಮೂಲೆಗೆ ತಿರುಗಿಸಿದ. ಅವಳೂ ತನ್ನದನ್ನು ತಿರುಗಿಸಿಕೊಂಡಳು. ನಿಂತರು, ಬಾಗಿದರು, ಹಣೆ ನೆಲಕ್ಕೆ ಮುಟ್ಟಿಸಿದರು. ತಣ್ಣನೆಯ ನೆಲ ಹಣೆಗೆ ತಾಗಿತು. ಅಷ್ಟೇ ತಾಗಿತು. ಮಗ್ಗುಲಲ್ಲಿ ಕಡಲು ಒಂದೇ ಸಮನೆ ಉಸಿರಾಡುತ್ತಿತ್ತು, ತಮ್ಮ ಓಣಿಯ ಗಿರಣಿಯ ಸದ್ದಿಗೂ ಅದಕ್ಕೂ ಅವಳಿಗೆ ಭೇದ ಕಾಣಲಿಲ್ಲ.

ಸಲಾಮು ಮುಗಿಸಿ, ದುವಾ ಮುಗಿಸಿ, ಮರ್ದಾನಸಾಬ ಅವಳ ಕಡೆಗೆ ತಿರುಗಿ ಕೂತ. ಮುಖ ಇಳಿದಿತ್ತು, ಆದರೂ ಆಸೆ ಬಿಟ್ಟಿರಲಿಲ್ಲ.

“ಗ್ವಾಡಿ ಬಂತು ಖರೆ. ಆದ್ರೂ ಸಪ್ಪಳ ಕೇಳಸ್ತೈತೆಲ್ಲ? ಗಾಳಿ ಬರತೈತೆಲ್ಲ? ನಿನಗ ಒಳಗ ಏನರ ಅನಸ್ತೇನು? ಹೂಂ ಅನ್ನು, ಈಗಿಂದೀಗ ಆ ಅಸ್ಮಾಬಾಯಿಗೆ ಮುಂಗಡ ಕೊಟ್ಟ ಬರ್ತೀನಿ.”

ಒಂದು ಹೂಂ. ಮಗಳು ಹೋದಾಗಿನಿಂದ ಕೇಳಿದವರಿಗೆಲ್ಲ ಕೊಟ್ಟು ಕೊಟ್ಟು ಸವೆದ ಹೂಂ. ಕೊಟ್ಟುಬಿಡುವುದು ಸುಲಭವಿತ್ತು. ಅವನ ಕಣ್ಣು ಅದಕ್ಕಾಗಿ ಕೈಚಾಚಿ ಕೂತಿತ್ತು.

“ಇಲ್ರಿ” ಎಂದಳು ಅಲ್ಮಾಸಬಿ. “ಏನೂ ಅನಸಲಿಲ್ಲ.”

ಅವನು ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

“ಇವತ್ತಷ್ಟ ಅಲ್ಲ. ಅಕಿ ಹೋದಾಗಿಂದ ಹಿಂಗ ಐತಿ. ನಿಲ್ತೀನಿ, ಬಗ್ತೀನಿ, ಹಣಿ ಹಚ್ತೀನಿ. ಒಳಗ ಯಾರೂ ಇಲ್ಲ. ನಿಮಗ ಹೇಳಲಿಲ್ಲ.”

ಮರ್ದಾನಸಾಬ ಜಾನಮಾಜಿನ ಅಂಚನ್ನು ಬೆರಳಲ್ಲಿ ನೇವರಿಸುತ್ತ ಹೇಳಿದ: “ಗೊತ್ತಿತ್ತು.”

“ಹೆಂಗ?”

“ನಾ ದುವಾ ಮಾಡಿದಾಗ ಹಿಂದಿಂದ ಆಮೀನ ಅಂತಿದ್ದಿ. ಲಗ್ನ ಆದಾಗಿಂದ. ಅದು ನಿಂತ ಹೋತು. ಗಾಡಿ ಸಪ್ಪಳ ಬದಲಾದ್ರ ಡ್ರೈವರಗ ತಿಳೀದಿಲ್ಲೇನು?”

“ತಿಳದೂ ಸುಮ್ಮನಿದ್ರಿ?”

“ಏನಂತ ಕೇಳ್ಲಿ? ನಾನ ಎರಡೆರಡ ಸಲ ಅಂದಕೊಂತ ಬಂದೆ. ನಂದೊಂದು, ನಿಂದೊಂದು.”

ಕಥೆ ಹೇಳುವವರು ಇಲ್ಲಿಗೆ ಬಂದಾಗ ಹೆಂಗಸಿನ ಕಣ್ಣಲ್ಲಿ ನೀರು ತರಿಸಿಬಿಡುತ್ತಾರೆ. ನೀರು ಬರಲಿಲ್ಲ. ಅವಳು ಅವನ ಕೈಯನ್ನು ನೋಡಿದಳು, ಚುಕ್ಕಾಣಿ ಹಿಡಿದು ಹಿಡಿದು ಅಂಗೈ ದಡ್ಡುಗಟ್ಟಿತ್ತು. ಮುಟ್ಟಬೇಕೆನ್ನಿಸಲಿಲ್ಲ, ಬೇಡವೆಂದೂ ಅನ್ನಿಸಲಿಲ್ಲ. ಎದೆ ಆಗಲೂ ಖಾಲಿಯೇ ಇತ್ತು, ಅದನ್ನು ಮುಚ್ಚಿಟ್ಟು ಕಾಯುವ ಕೆಲಸವೊಂದು ಮಾತ್ರ ತಪ್ಪಿತ್ತು.

“ನಿಮಗ ಬೇಕಾಗಿದ್ರ ಈ ಮನಿ ತಗೋರಿ” ಎಂದಳು. “ನಾ ಬಂದ ಇರ್ತೀನಿ. ನನ್ನ ಸಲುವಾಗಿ ಅಂತ ಮಾತ್ರ ತಗೋಬ್ಯಾಡ್ರಿ. ಆಮ್ಯಾಲೆ ದಿನಾ ನನ್ನ ಮುಖಾ ನೋಡ್ತೀರಿ, ಇವತ್ತರ ಬಿಚ್ಚತೇನು, ನಾಳಿಗರ ಬಿಚ್ಚತೇನು ಅಂತ. ಅದನ್ನ ಹೊರಾಕ ನನ್ನಿಂದ ಆಗೂದಿಲ್ಲ.”

ಅವನು ಕಿಟಕಿಯ ಕಡೆ ನೋಡಿದ. ಕತ್ತಲಾಗಿ ನೀರು ಯಾವುದು, ಬಾನು ಯಾವುದು ಒಂದೂ ತಿಳಿಯುವಂತಿರಲಿಲ್ಲ. “ಅಲ್ಲೆ ಗ್ವಾಡಿ, ಇಲ್ಲೆ ಗ್ವಾಡಿ” ಎಂದ. “ನಮ್ಮ ಗ್ವಾಡೀನ ಛಲೋ. ರೂಢಿ ಆಗೇತಿ.” ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ಅಂದ: “ಆ ಬಾಯಿಗೆ ಹೆಂಗ ಹೇಳೂದು? ನಮ್ಮ ಸಲುವಾಗಿ ಮೀನ ಹುರಿಯಾಕ್ಹತ್ತಾಳ.”

“ನಾ ಹೇಳ್ತೀನಿ.”

ಅವನು ಅಚ್ಚರಿಯಿಂದ ತಲೆಯೆತ್ತುವಷ್ಟರಲ್ಲಿ ಅವಳು ಎದ್ದಿದ್ದಳು.

ಅಡುಗೆಮನೆಯಲ್ಲಿ ಅಸ್ಮಾ ಬೆನ್ನು ಮಾಡಿ ಕಾವಲಿಯ ಮೇಲಿನ ಮೀನು ಮಗುಚುತ್ತಿದ್ದಳು.

“ಅಕ್ಕಾ, ಈ ಮನಿ ನಾವು ತಗೊಳ್ಳೂದಿಲ್ರಿ.”

“ಸರಿ ಬಿಡಿ. ಬೇಜಾರೆಂತ ಇಲ್ಲ” ಎಂದಳು ಅಸ್ಮಾ ತಿರುಗದೆಯೇ. “ಬಚ್ಚಲು ಸಣ್ಣದಾಯ್ತು ಅಂದವರನ್ನು ನೋಡಿದ್ದೇನೆ, ಬಾವಿ ದೂರ ಅಂದವರನ್ನೂ. ಗುಡ್ಡಕ್ಕೆ ಹೆದರಿದವರು ನೀವೇ ಮೊದಲು.”

“ಗುಡ್ಡದ್ದಲ್ರಿ.”

“ಮತ್ತೆ?”

ಅಲ್ಮಾಸಬಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಂದಿ ಎಲ್ಲರೂ ಅವಳೆದುರು ಆ ಮಾತು ಆಡಿದ್ದರು. ಮೊಹಸಿನ ಆಡಿದ್ದ, ಮಂಜವ್ವ ಆಡಿದ್ದಳು, ಮಾತಾಡಿಸಲು ಬಂದವರೆಲ್ಲ ಆಡಿದ್ದರು. ಅವಳ ಬಾಯಿಂದ ಮಾತ್ರ ಅದು ಇನ್ನೂ ಹೊರಬಿದ್ದಿರಲಿಲ್ಲ.

“ನನ್ನ ಮಗಳು ತೀರಿಕೊಂಡಾಳ” ಎಂದಳು.

ಅಸ್ಮಾ ಒಲೆ ಸಣ್ಣ ಮಾಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೋಡೆಗೆ ಒರಗಿಸಿದ್ದ ಮಣೆಯನ್ನು ತೆಗೆದು ನೆಲಕ್ಕೆ ಹಾಕಿದಳು. “ಕೂತ್ಕೊಳ್ಳಿ. ಹೆಸರೆಂತ ಇತ್ತು?”

ಅಲ್ಮಾಸಬಿ ಕೂತಳು. ಹೆಸರು ಹೇಳಿದಳು. ಆಮೇಲೆ, ಕೇಳದಿದ್ದರೂ, ಆ ಹುಡುಗಿ ಸಣ್ಣವಳಿದ್ದಾಗ ಬಸ್ಸಿನಲ್ಲಿ ಅಪ್ಪನ ಹಿಂದಿನ ಸೀಟಿನಲ್ಲೇ ಕೂಡುತ್ತೇನೆಂದು ಹಟ ಹಿಡಿಯುತ್ತಿದ್ದದ್ದನ್ನು ಹೇಳಿದಳು. ಶಿರಹಟ್ಟಿಯ ದಾರಿಯಲ್ಲಿ ಒಮ್ಮೆ ವಾಂತಿ ಮಾಡಿಕೊಂಡು, ಅಪ್ಪನ ಖಾಕಿ ಅಂಗಿ ಹಾಳು ಮಾಡಿ, ಬೈಸಿಕೊಳ್ಳುವ ಮೊದಲೇ ನಿದ್ದೆ ಹೋದದ್ದನ್ನು ಹೇಳಿದಳು. ದನಿಯಲ್ಲಿ ಏರಿಳಿತವಿರಲಿಲ್ಲ, ಬೇರೆ ಯಾರದೋ ಮನೆಯ ಸುದ್ದಿಯಂತೆ ಬರುತ್ತಿತ್ತು. ಆದರೂ ಬರುತ್ತಿತ್ತು. ಅಸ್ಮಾ ನಡುವೆ ಬಾಯಿ ಹಾಕಲಿಲ್ಲ. ಮೀನು ಒಂದು ಮಗ್ಗುಲು ಸೀದುಹೋಯಿತು, ಇಬ್ಬರಲ್ಲಿ ಯಾರೂ ಅದನ್ನು ಮಗುಚಲು ಏಳಲಿಲ್ಲ.