ನಿಯಮ ಬದಲಾದ ವರ್ಷ ಕಾಶಿನಾಥ ಮಾಡಿದ್ದು

ಹೊರದೇಶಕ್ಕೆ ಹೋಗುತ್ತೇನೆ ಎಂದು ಒಬ್ಬ ಬಾಯಿಬಿಟ್ಟರೆ ಸಾಕು, ಬೀದಿಯವರು ಅವನ ಮನೆಯ ಸಾಮಾನು ಹಂಚಿಕೊಳ್ಳಲು ಶುರುಮಾಡುತ್ತಾರೆ. 1982ರಲ್ಲಿ ಯಶವಂತಪುರದ ಕಾಶಿನಾಥನ ಮನೆಯಲ್ಲೂ ಹಾಗೇ ಆಯಿತು. ಎದುರುಮನೆಯವರು ಕಬ್ಬಿಣದ ಮಂಚ ನಮಗಿರಲಿ ಎಂದರು. ಮೂಲೆ ಅಂಗಡಿಯವನು ಸೈಕಲ್ ಕೇಳಿದ. ಬಾಡಿಗೆ ಮನೆಯ ಒಡತಿ ಗಂಗರತ್ನಮ್ಮ ಮಾತ್ರ ಏನೂ ಕೇಳಲಿಲ್ಲ. "ಓಗೋ ದಿನ ಬರ್ಲಿ, ಆಗ ನೋಡಾಣ," ಎಂದರು.

ಕಾಶಿನಾಥ ಗದಗದ ಕಡೆಯವನು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರಗಳಿಗೆ ಉಕ್ಕಿನ ಅಚ್ಚು ಮಾಡುತ್ತಿದ್ದ. ಅಚ್ಚಿನಲ್ಲಿ ಕೂದಲೆಳೆಯಷ್ಟು ಉಬ್ಬಿದ್ದರೂ ಬೆರಳಾಡಿಸಿ ಹೇಳುತ್ತಿದ್ದ. ಅವನ ಚಿಕ್ಕಪ್ಪನ ಮಗ ಚನ್ನಪ್ಪನದೂ ಅದೇ ಕಸುಬು. ಚನ್ನಪ್ಪ ಕೆಲವು ವರ್ಷಗಳ ಹಿಂದೆ ಕೆನಡಾಕ್ಕೆ ಹೋಗಿದ್ದ. ಆಗ ಆ ದೇಶದವರು ಕಸುಬು, ವಯಸ್ಸು, ಓದು, ಭಾಷೆ ನೋಡಿ ಅಂಕ ಕೊಡುತ್ತಿದ್ದರು. ಅಂಕ ಸಾಕಷ್ಟು ಬಂದರೆ ಕಾಯಂ ವಾಸದ ಪರವಾನಗಿ ಸಿಗುತ್ತಿತ್ತು. ಚನ್ನಪ್ಪ ಅಲ್ಲಿ ಇಳಿದ ಮೇಲೆಯೇ ಕೆಲಸ ಹುಡುಕಿಕೊಂಡಿದ್ದ. "ನೀನೂ ಬಾ," ಎಂದು ಕಾಶಿನಾಥನಿಗೆ ಹೇಳಿಕಳಿಸಿದ್ದ.

ಅದೇ ಮಾತು ನಂಬಿ ಕಾಶಿನಾಥ ತಯಾರಿ ನಡೆಸಿದ್ದ. ಹೆಂಡತಿ ಶರಣವ್ವ ಇಂಗ್ಲಿಷ್ ಕಲಿಯಲು ಮತ್ತಿಕೆರೆಯ ಶಹರ್ಬಾನು ಅವರ ಮನೆಗೆ ಹೋಗುತ್ತಿದ್ದಳು. ಶಹರ್ಬಾನು ಹೆಬ್ಬಾಳದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ಹೊರದೇಶದ ಪತ್ರಿಕೆಗಳು ಅವರ ಕೈಗೆ ಬರುತ್ತಿದ್ದವು. ಒಂದು ಭಾನುವಾರ ಅವರೇ ಕಾಶಿನಾಥನ ಮನೆಗೆ ಬಂದರು.

"ಕಾಶಿನಾಥ್ ಅವ್ರೇ, ಕೆನಡಾದಲ್ಲಿ ರೂಲ್ಸ್ ಬದಲಾಗಿದೆ. ಬರೀ ಅಂಕ ಇದ್ರೆ ಸಾಲ್ದು. ಅಲ್ಲಿನ ಕಂಪನಿಯೋರು ಮೊದ್ಲೇ ಕೆಲಸ ಕೊಟ್ಟಿರ್ಬೇಕು, ಅದನ್ನ ಅಲ್ಲಿನ ಸರ್ಕಾರ ಒಪ್ಪಿರ್ಬೇಕು. ಹಂಗಿದ್ರೇನೇ ನಿಮ್ಮಂಥವರ ಅರ್ಜಿ ತಗೊಳ್ಳೋದು."

ಕಾಶಿನಾಥ ನಕ್ಕುಬಿಟ್ಟ. "ಏನ್ ಮೇಡಂ, ನಮ್ಮ ಚನ್ನಪ್ಪ ಹೋಗ್ಯಾನಲ್ರಿ! ಅವಂಗ ಯಾವ ಕಂಪನಿಯವರೂ ಕರೀಲಿಲ್ಲ."

"ಅವ್ರು ಹೋದಾಗ ಹಂಗಿತ್ತು. ಈಗ ಅಲ್ಲಿ ಫ್ಯಾಕ್ಟರಿಗಳು ಮುಚ್ತಾ ಇವೆ. ಅಲ್ಲಿನ ಜನಕ್ಕೇ ಕೆಲ್ಸ ಇಲ್ಲ. ಅದಕ್ಕೇ ಬಿಗಿ ಮಾಡಿದಾರೆ."

"ಅಂಕ ಕೊಡ್ತೀವಿ ಅಂದವರು ಅಂದಂಗ ನಡೀಬೇಕೋ ಬ್ಯಾಡೋ?"

"ಅವರ ದೇಶ, ಅವರ ರೂಲ್ಸು. ನಮ್ಮನ್ನ ಕೇಳಿ ಬದಲಾಯಿಸ್ತಾರಾ?"

ಈ ಮಾತು ನಡೆಯುತ್ತಿರುವಾಗಲೇ ಏಜೆಂಟ್ ರಾಮಕೃಷ್ಣಪ್ಪ ಬಂದ. ಆರ್.ಟಿ. ನಗರದಲ್ಲಿ ಒಂದು ಕೋಣೆ ಹಿಡಿದು, ಜನರನ್ನು ಹೊರದೇಶಕ್ಕೆ ಕಳಿಸುತ್ತೇನೆ ಎಂದು ಬೋರ್ಡು ಹಾಕಿಕೊಂಡಿದ್ದವನು. ಅವನ ಜೊತೆ ಕಾಶಿನಾಥನ ಕಾರ್ಖಾನೆಯ ವೆಲ್ಡರ್ ವೀರಬಸಪ್ಪನೂ ಇದ್ದ. ಅವನೂ ಕೆನಡಾದ ಕನಸು ಕಂಡವನೇ.

ನಿಯಮ ಬದಲಾಗಿದೆಯಂತೆ, ಹೌದೇ ಎಂದು ಕಾಶಿನಾಥ ಕೇಳಿದ.

"ಅದೆಲ್ಲಾ ದಾರಿ ಗೊತ್ತಿಲ್ದೋರಿಗೆ ಕಣ್ರೀ," ಎಂದ ರಾಮಕೃಷ್ಣಪ್ಪ. "ಕಂಪನಿ ಕೆಲಸ ಕೊಟ್ಟಿರ್ಬೇಕು ಅಷ್ಟೇ ತಾನೇ? ಕೊಟ್ಟಿದೆ ಅಂತ ಕಾಗದ ನಾನ್ ತರಿಸ್ತೀನಿ. ನೀವಿಬ್ರೂ ನಾಳೇನೇ ಕೆಲಸಕ್ಕೆ ರಾಜೀನಾಮೆ ಕೊಟ್ಟು ರೆಡಿಯಾಗಿ."

"ಆ ಕಂಪನಿಯೋರಿಗೆ ಇವ್ರು ಯಾರು ಅಂತ ಗೊತ್ತಾ?" ಶಹರ್ಬಾನು ಕೇಳಿದರು.

"ಗೊತ್ತಿರೋದ್ಯಾಕೆ ಮೇಡಂ? ಕಾಗದ ಇದ್ರೆ ಸಾಕು."

"ದೆಹಲಿಯಲ್ಲಿ ಸಂದರ್ಶನ ಮಾಡೋರು ಆ ಕಂಪನಿಗೆ ಫೋನ್ ಮಾಡಿ ಕೇಳಿದ್ರೆ?"

"ಅಷ್ಟು ದೂರ ಯಾರ್ರೀ ಕೇಳ್ತಾರೆ!"

ಬಾಗಿಲಲ್ಲಿ ನಿಂತಿದ್ದ ಗಂಗರತ್ನಮ್ಮ ತಡೆಯಲಾರದೆ ಬಾಯಿ ಹಾಕಿದರು. "ಅಲ್ಲ ಕಣಪ್ಪಾ, ಒಸ ಕೊಡ ಮನೆಗ್ ಬರೋಕ್ ಮುಂಚೆ ಅಳೇ ಕೊಡ ಒಡ್ದಾಕ್ತಾರಾ ಯಾರಾದ್ರೂ? ಇರೋ ಕೆಲ್ಸ ಯಾಕ್ ಬಿಡಿಸ್ತೀಯ?"

ರಾಮಕೃಷ್ಣಪ್ಪ ಕಾಶಿನಾಥನ ಮುಖ ನೋಡಿದ. ಕಾಶಿನಾಥ ಹೆಂಡತಿಯ ಮುಖ ನೋಡಿದ.

ಶರಣವ್ವ ಸೆರಗು ಸರಿಮಾಡಿಕೊಂಡು ಮಾತಾಡಿದಳು. "ನಾವು ನಾಕ್ ದಿನ ಊರ್ ನೋಡಾಕ ಹೊಂಟಿಲ್ಲ. ಜೀವನಾನ ಅಲ್ಲೇ ಮಾಡಾಕ ಹೊಂಟೀವಿ. ಹೊಸ್ತಿಲಾ ದಾಟೂ ಮೊದ್ಲ ಸುಳ್ಳು ಹೇಳಿದ್ರ ಆಮ್ಯಾಲ ಅಲ್ಲಿ ನಿದ್ದಿ ಹೆಂಗ ಬರತೈತಿ? ಬಾಗಲಾ ಬಡದವರೆಲ್ಲ ಪೊಲೀಸರ ಅನಸ್ತಾರ. ನನಗ ಈ ಕಾಗದ ಬ್ಯಾಡ."

"ಹೆಂಗಸ್ರ ಮಾತ್ ಕೇಳ್ಕೊಂಡ್ ಕೂತ್ರೆ ಇಲ್ಲೇ ಇರ್ತೀರಾ," ಎಂದು ರಾಮಕೃಷ್ಣಪ್ಪ ಎದ್ದ. ವೀರಬಸಪ್ಪ ಅವನ ಹಿಂದೆಯೇ ಹೋದ.

ಕಾಶಿನಾಥನಿಗೆ ಸಿಟ್ಟು ಬಂತು. ಏಜೆಂಟನ ಮೇಲಲ್ಲ, ಹೆಂಡತಿಯ ಮೇಲೆ. ಬೀದಿಯವರಿಗೆಲ್ಲ ಹೇಳಿಯಾಗಿತ್ತು. ಗದಗದಲ್ಲಿ ಅವ್ವ ಪೇಢೆ ಹಂಚಿಯಾಗಿತ್ತು. ಈಗ ಯಾವ ಮುಖ ಇಟ್ಟುಕೊಂಡು ಇಲ್ಲ ಎನ್ನುವುದು? ಶರಣವ್ವ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಎದ್ದ.

ಕೊನೆಗೆ ಸೋತವನಂತೆ ಶಹರ್ಬಾನು ಅವರ ಮನೆಗೆ ಹೋದ. "ಮೇಡಂ, ನೀವು ಹೇಳೂದು ಖರೇನೋ, ಅವ ಹೇಳೂದು ಖರೇನೋ, ನನಗ ಹೆಂಗ ತಿಳೀಬೇಕು?"

"ಇಬ್ರನ್ನೂ ನಂಬಬೇಡಿ," ಎಂದರು ಶಹರ್ಬಾನು. "ದೆಹಲಿಯಲ್ಲಿ ಕೆನಡಾ ಹೈಕಮಿಷನ್ ಆಫೀಸಿದೆ. ಅವ್ರಿಗೇ ಬರೆದು ಕೇಳಿ. ಇಂಗ್ಲಿಷಲ್ಲಿ ನಾನ್ ಬರ್ಕೊಡ್ತೀನಿ, ಸಹಿ ನೀವ್ ಹಾಕಿ."

ದೆಹಲಿಯಿಂದ ಬಂದ ಉತ್ತರ ಶಹರ್ಬಾನು ಹೇಳಿದಂತೆಯೇ ಇತ್ತು. ಅಲ್ಲಿಯ ಸರ್ಕಾರ ಒಪ್ಪಿದ ಕೆಲಸ ಇಲ್ಲದೆ ಸದ್ಯಕ್ಕೆ ಅರ್ಜಿ ನಡೆಯುವುದಿಲ್ಲ. ಕಾಶಿನಾಥ ಅದನ್ನು ಹೆಂಡತಿಗೆ ಓದಿ ಹೇಳಿದ. "ಬಾಗಲಾ ಮುಚ್ಚೇತಿ ಶರಣೂ," ಎಂದ.

"ಮುಚ್ಚಿದವ್ರು ಒಂದಿನ ತಗದಾರು," ಎಂದಳು ಶರಣವ್ವ. "ಅಲ್ಲೀತನಾ ನಾವೇನ್ ಕೈ ಕಟ್ಕೊಂಡು ಕುಂದ್ರತೀವೇನು?"

ಬೀದಿಯಲ್ಲಿ ಕೆಲವರು ಅವನನ್ನು 'ಕೆನಡಾ ಕಾಶಿನಾಥ' ಎಂದು ಕರೆದು ನಕ್ಕರು. ಅವನು ತಲೆ ತಗ್ಗಿಸಲಿಲ್ಲ. ಕೆಲಸ ಬಿಟ್ಟಿರಲಿಲ್ಲವಲ್ಲ! ಕಾರ್ಖಾನೆಗೆ ಹೊಸ ಜಪಾನಿ ಯಂತ್ರ ಬಂದಾಗ ಅದನ್ನು ನಡೆಸುವುದನ್ನು ಎಲ್ಲರಿಗಿಂತ ಮೊದಲು ಕಲಿತ. ತಾಂತ್ರಿಕ ಪುಸ್ತಕಗಳನ್ನು ಇಂಗ್ಲಿಷಿನಲ್ಲೇ ಓದತೊಡಗಿದ. ಶರಣವ್ವ ಶಹರ್ಬಾನು ಅವರ ಜೊತೆ ಇಂಗ್ಲಿಷಿನಲ್ಲಿ ಜಗಳವಾಡುವಷ್ಟು ಮುಂದುವರಿದಳು. ಪ್ರತಿ ವರ್ಷ ಕಾಶಿನಾಥ ದೆಹಲಿಗೆ ಬರೆದು ಒಂದೇ ಪ್ರಶ್ನೆ ಕೇಳುತ್ತಿದ್ದ: ನಿಯಮ ಹಾಗೇ ಇದೆಯೇ, ಬದಲಾಗಿದೆಯೇ?

ವೀರಬಸಪ್ಪನ ಕಥೆ ಬೇರೆಯಾಯಿತು. ಅವನು ರಾಜೀನಾಮೆ ಕೊಟ್ಟು, ಏಜೆಂಟನ ಕಾಗದ ಹಿಡಿದು ದೆಹಲಿಗೆ ಹೋದ. ಅಧಿಕಾರಿಗಳು ವಿಚಾರಿಸಿದರು. ಅಂಥ ಕಂಪನಿಯೇ ಇರಲಿಲ್ಲ. ಅರ್ಜಿ ತಳ್ಳಿಹಾಕಿದರು. ಊರಿಗೆ ಬಂದು ನೋಡಿದರೆ ರಾಮಕೃಷ್ಣಪ್ಪನ ಕೋಣೆಗೆ ಬೀಗ. ಹಳೆಯ ಕೆಲಸವೂ ಹೋಗಿತ್ತು. ಪೀಣ್ಯದ ಒಂದು ಶೆಡ್ಡಿನಲ್ಲಿ ದಿನಗೂಲಿಗೆ ಸೇರಿದ.

1986ರಲ್ಲಿ ದೆಹಲಿಯ ಉತ್ತರ ಬೇರೆ ಬಂತು. ಮೊದಲೇ ಕೆಲಸ ಸಿಕ್ಕಿರಬೇಕೆಂಬ ಷರತ್ತು ತೆಗೆದಿದ್ದರು. ಮತ್ತೆ ಅಂಕದ ಲೆಕ್ಕ. ಕಾಶಿನಾಥನ ಕಸುಬಿನವರೂ ಅರ್ಜಿ ಹಾಕಬಹುದಿತ್ತು.

ಕಾಶಿನಾಥ ಮೊದಲು ಓಡಿದ್ದು ಪೀಣ್ಯಕ್ಕೆ. "ವೀರಣ್ಣಾ, ಬಾಗಲಾ ತಗದಾರೋ! ಇಬ್ರೂ ಅರ್ಜಿ ಹಾಕೂಣು ಬಾ."

ವೀರಬಸಪ್ಪ ವೆಲ್ಡಿಂಗ್ ಕನ್ನಡಕ ತೆಗೆದು ಒರೆಸಿದ. "ನೀ ಹಾಕೋ ತಮ್ಮಾ. ನನ್ನ ಹೆಸರಿನ ಮುಂದ ಅಲ್ಲಿ ಸುಳ್ಳುಗಾರ ಅಂತ ಬರದಾರ. ಇನ್ನ ನಾ ಖರೇ ಹೇಳಿದ್ರೂ ಹತ್ತ ಸಲ ನೋಡತಾರ."

"ಹಂಗಂತ ಸುಮ್ನ ಬಿಡೂದಾ? ಏನಾಗಿತ್ತೋ ಅದನ್ನೆಲ್ಲಾ ಬರದು, ಮುಂದ ದಾರಿ ಐತೇನ್ರಿ ಅಂತ ಅವರನ್ನ ಕೇಳು. ಶಹರ್ಬಾನು ಮೇಡಂ ಬರದಕೊಡ್ತಾರ."

ಮಸಿ ಹಿಡಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ವೀರಬಸಪ್ಪ ಮೆಲ್ಲಗೆ ತಲೆಯಾಡಿಸಿದ.

ಕಾಶಿನಾಥ ಯಾವ ಏಜೆಂಟನ ಹತ್ತಿರವೂ ಹೋಗಲಿಲ್ಲ. ಅರ್ಜಿ ತಾನೇ ತುಂಬಿದ. ಸಂದರ್ಶನಕ್ಕೆ ಗಂಡ ಹೆಂಡತಿ ಇಬ್ಬರೂ ರೈಲು ಹತ್ತಿ ದೆಹಲಿಗೆ ಹೋದರು. ಅಧಿಕಾರಿ ಅವನ ಹಳೆಯ ಪತ್ರಗಳನ್ನು ನೋಡಿ ಕೇಳಿದರು: "ನಾಲ್ಕು ವರ್ಷದ ಹಿಂದೆಯೇ ಆಸೆ ಇತ್ತಲ್ಲ, ಆಗ ಯಾಕೆ ಅರ್ಜಿ ಹಾಕಲಿಲ್ಲ?"

"ಆಗ ನಿಮ್ಮ ನಿಯಮದ ಪ್ರಕಾರ ನನಗೆ ಅರ್ಹತೆ ಇರಲಿಲ್ಲ. ಈಗ ಇದೆ, ಬಂದಿದ್ದೇನೆ," ಎಂದ ಕಾಶಿನಾಥ, ತಡವರಿಸದೆ, ಇಂಗ್ಲಿಷಿನಲ್ಲಿ. ಅಧಿಕಾರಿ ನಕ್ಕು ಅಚ್ಚಿನ ಕೆಲಸದ ಬಗ್ಗೆ ಕೇಳತೊಡಗಿದರು. ಆ ವಿಷಯದಲ್ಲಿ ಕಾಶಿನಾಥನನ್ನು ನಿಲ್ಲಿಸುವುದೇ ಕಷ್ಟವಾಯಿತು.

ಪರವಾನಗಿ ಕೈಗೆ ಬಂದ ಮೇಲೆಯೇ ಅವನು ರಾಜೀನಾಮೆ ಕೊಟ್ಟ. ಹೊರಡುವ ದಿನ ಗಂಗರತ್ನಮ್ಮ ಶರಣವ್ವನಿಗೆ ಕುಂಕುಮ ಇಟ್ಟರು. "ಓಗ್ಬನ್ನಿ ತಾಯಿ. ಅಲ್ಲಿ ಯಾರ್ಗೂ ಎದ್ರಬೇಡಿ," ಎಂದರು.

"ಹೆದರೂದ್ಯಾಕ್ರೀ ಅಮ್ಮಾರ? ನಮ್ದೇನ್ ಮುಚ್ಚಿಟ್ಟದ್ದಿಲ್ಲ," ಎಂದಳು ಶರಣವ್ವ.

ಹೊರದೇಶದಲ್ಲಿ ನೆಲೆಸಬೇಕೆಂದಿರುವ ಅಕ್ಕ, ಅಣ್ಣ, ಈ ಮಾತು ನಿಮಗೆ. ನಿಮ್ಮ ಕೈಯ ಕಸುಬಿಗೆ ಬೆಲೆಯಿದೆ. ಆದರೆ ಆ ದೇಶದ ನಿಯಮ ಇವತ್ತು ಬಿಗಿಯಾಗಬಹುದು, ನಾಳೆ ಸಡಿಲವಾಗಬಹುದು. ಏನಿದ್ದರೂ ಆ ದೇಶದ ಕಚೇರಿಯನ್ನೇ ಕೇಳಿ ತಿಳಿದುಕೊಳ್ಳಿ. ಪರವಾನಗಿ ಕೈಗೆ ಬರುವ ತನಕ ಇರುವ ಕೆಲಸ ಬಿಡಬೇಡಿ. ಯಾರು ಎಷ್ಟೇ ಒತ್ತಾಯ ಮಾಡಿದರೂ ಸುಳ್ಳು ಕಾಗದಕ್ಕೆ ನಿಮ್ಮ ಹೆಸರು ಕೊಡಬೇಡಿ. ಕಾಯಬೇಕಾಗಿ ಬಂದರೆ ಕಲಿಯುತ್ತ ಕಾಯಿರಿ. ಮೊದಲು ಹೋದವರು ಹೇಳುವುದು ಅವರು ಹೋದ ದಿನದ ನಿಯಮ. ನೀವು ಹೋಗುವ ದಿನದ ನಿಯಮವನ್ನು ನೀವೇ ಕೇಳಿ.