ಅಳಿಯನ ಬೆನ್ನುನೋವು

ಅಳಿಯನ ಬೆನ್ನುಮೂಳೆ ಜಾರಿದೆ ಎಂದು ಅತ್ತೆ ಬೀದಿಗೆಲ್ಲ ಹೇಳಿ ಎರಡು ತಿಂಗಳಾಗಿತ್ತು. ಆ ಮೂಳೆಯಾದರೋ ಹುಟ್ಟಿದಂದಿನಿಂದ ಇದ್ದ ಜಾಗ ಬಿಟ್ಟು ಕದಲಿರಲಿಲ್ಲ.

ಸಂಗತಿ ಇಷ್ಟು. ಗಂಡಸು ಹೆಂಗಸು ಸರಿಸಮ ಆಗಲೇಬೇಕೆಂದು ಹಟಕ್ಕೆ ಬಿದ್ದ ಸರ್ಕಾರ ಹೊಸ ಕಾನೂನು ಮಾಡಿತ್ತು. ಹೆತ್ತವಳ ರಜೆ ಮುಗಿದ ಮೇಲೆ ತಂದೆಗೆ ಆರು ತಿಂಗಳು ರಜೆ; ಅವನು ಮಗು ನೋಡಿಕೊಳ್ಳಬೇಕು, ಅವಳು ಕೆಲಸಕ್ಕೆ ಹೋಗಬೇಕು. ಮಗಳು ಬಂದರಿನಲ್ಲಿ ಕ್ರೇನ್ ನಡೆಸುವವಳು. ಆರು ವರ್ಷ ಸಣ್ಣ ಕ್ರೇನಿನಲ್ಲಿ ಸೊಂಟ ಸವೆಸಿ, ಈ ವರ್ಷವಷ್ಟೇ ಹನ್ನೆರಡು ಮಹಡಿ ಎತ್ತರದ ದೊಡ್ಡ ಕ್ರೇನಿಗೆ ಏರಿದ್ದಳು. ಇವಳು ಯಾವಾಗ ಇಳಿಯುತ್ತಾಳೋ ಎಂದು ಕೆಳಗೆ ಮೂವರು ಗಂಡಸರು ಕತ್ತೆತ್ತಿಕೊಂಡೇ ನಿಂತಿದ್ದರು.

ಅಳಿಯ ಅಂಚೆ ಕಚೇರಿಯಲ್ಲಿ ಪಾರ್ಸಲ್ ತೂಗುವವನು. ರಜೆ ಹಾಕಿ ಬಂದವನೇ ಮಗುವಿಗೆ ಸ್ನಾನ, ಲಾಲಿ, ಬಟ್ಟೆ ಒಗೆತ ಎಲ್ಲವನ್ನೂ ಮೈಮೇಲೆ ಎಳೆದುಕೊಂಡ. ಮಗುವನ್ನು ಅಂಗೈಯಲ್ಲಿ ಎತ್ತಿ, "ನಿನ್ನೆಗಿಂತ ನಲವತ್ತು ಗ್ರಾಂ ಜಾಸ್ತಿ" ಎನ್ನುತ್ತಿದ್ದ. ಅತ್ತೆಗೆ ಇದರಿಂದ ಮೈಗೆ ಸುಖ, ಮನಸ್ಸಿಗೆ ಸಂಕಟ. ಕುಡಿದ ಲೋಟ ಎತ್ತಿಡದ ಗಂಡನ ಜೊತೆ ನಲವತ್ತು ವರ್ಷ ಬಾಳಿ, ಅದನ್ನೇ ಮನೆತನದ ಗತ್ತು ಎಂದು ತಿಳಿದಿದ್ದ ಜೀವ ಅದು. ಅಳಿಯ ಉಚ್ಚೆಬಟ್ಟೆ ಹಿಂಡುತ್ತಾನೆಂದು ನಾಲ್ಕು ಜನಕ್ಕೆ ಗೊತ್ತಾದರೆ ಮುಖ ಎಲ್ಲಿಟ್ಟುಕೊಳ್ಳುವುದು? ಅದಕ್ಕೇ ಬೆನ್ನುಮೂಳೆಯ ಕತೆ ಕಟ್ಟಿದ್ದರು.

ಆವತ್ತು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ, ಕಂಕುಳಲ್ಲಿ ಫೈಲು ಅವುಚಿಕೊಂಡ ಒಬ್ಬ ಸಣಕಲು ಮನುಷ್ಯ.

"ಸಮಾನತೆ ಇಲಾಖೆಯಿಂದ ಬಂದಿದೀನಮ್ಮ. ತಂದೆ ರಜೆ ತಪಾಸಣೆ. ಇಲ್ಲಿ ಮಗು ನೋಡ್ಕೊಳ್ಳೋರು ಯಾರು?"

ಅತ್ತೆಯ ಕಣ್ಣು ಅವನ ಭುಜದಾಚೆ ಹೋಯಿತು. ಎದುರು ಮನೆಯ ಜಗಲಿಯಲ್ಲಿ ಗೆಜೆಟ್ ಕಾಲೊರೆಸು ಕೊಡವುತ್ತಿದ್ದಳು. ಅವಳ ಬಾಯಿಂದ ಬಂದದ್ದು ಅಚ್ಚಾದ ಹಾಗೇ ಎಂದು ಬೀದಿಯವರು ಇಟ್ಟ ಹೆಸರು ಅದು.

"ನಾನೇ. ನಮ್ಮನೆ ಗಂಡಸರು ಅದನ್ನೆಲ್ಲ ಮುಟ್ಟಲ್ಲ," ಎಂದರು ಅತ್ತೆ, ಎದುರು ಮನೆಗೂ ಮುಟ್ಟುವ ಹಾಗೆ.

"ಬಟ್ಟೆ ಒಗೆಯೋದು?"

"ನಾನೇ. ಅವನಿಗೆ ಬೆನ್ನು. ಮಲಗೇ ಇರ್ತಾನೆ."

ಒಳಕೋಣೆಯಲ್ಲಿ ಅಳಿಯ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಎರಡು ಗಂಟೆ ಕುಣಿಸಿದ ಮೇಲೆ ಈಗಷ್ಟೇ ಕಣ್ಣು ಮುಚ್ಚಿದ ಕೂಸು. ಬಾಯಿ ಬಿಟ್ಟರೆ ಕೆಟ್ಟಿತು. ಬಾಗಿಲ ಸಂದಿಯಿಂದ ಒಂದೇ ಸಮ ಕೈ ಆಡಿಸಿದ. ನೊಣ ಓಡಿಸುತ್ತಿದ್ದಾನೆ ಎಂದುಕೊಂಡರು ಅತ್ತೆ.

ತಪಾಸಣೆಯವನು ಟಿಕ್ ಹಾಕಿ ಮುಗಿಸಿದ. "ಸರಿ. ಸೋಮವಾರದಿಂದ ರಜೆ ರದ್ದು. ಆಫೀಸಿಗೆ ಹೋಗೋಕೆ ಹೇಳಿ."

"ಮತ್ತೆ ಮಗು?"

"ನೀವೇ ನೋಡ್ಕೋತೀರಲ್ಲ."

"ಇಡೀ ದಿನವಾ? ನನ್ನ ಮಂಡಿ ನೋಡಿದೀರಾ?"

"ಹಾಗಾದ್ರೆ ತಾಯಿ ಮನೇಲಿರ್ಲಿ."

ಅತ್ತೆಗೆ ಕುತ್ತಿಗೆಯವರೆಗೂ ನೀರು ಬಂದಂತಾಯಿತು. ಕೂತ ಕೊಂಬೆಯನ್ನೇ ಕಡಿದದ್ದಾಗಿತ್ತು. ಕೊಂಬೆಯ ತುದಿಯಲ್ಲಿ, ಹನ್ನೆರಡು ಮಹಡಿ ಮೇಲೆ, ಮಗಳಿದ್ದಳು.

"ಸ್ವಾಮಿ, ಬರೆದಿದ್ದನ್ನ ಒಂಚೂರು ಹೊಡೆದು ಹಾಕಿ. ನಾನು ಹೇಳಿದ್ದು ಸುಳ್ಳು. ಎಲ್ಲ ಅವನೇ ಮಾಡೋದು."

"ರಜೆ ರದ್ದು ಅಂದ ತಕ್ಷಣ ಎಲ್ಲ ಮನೆ ಅಳಿಯಂದಿರೂ ಚಿನ್ನ ಆಗ್ಬಿಡ್ತಾರೆ."

ಅತ್ತೆ ಒಳಬಾಗಿಲು ಎಳೆದು ತೋರಿಸಿದರು. ಅವನು ಇಣುಕಿ ನೋಡಿ, ಫೈಲು ಮುಚ್ಚಿದ.

"ಇದು ಸಾಕ್ಷಿ ಅಲ್ಲಮ್ಮ. ನಾನು ಬಂದೆ ಅಂದ್ರೆ ಊರ ಗಂಡಸರೆಲ್ಲ ಮಗು ಎತ್ಕೊಂಡೇ ನಿಂತಿರ್ತಾರೆ. ಹೋದ ವಾರ ಒಬ್ಬ ಪಕ್ಕದ ಮನೆ ಮಗು ಎತ್ಕೊಂಡಿದ್ದ. ಅದರಪ್ಪ ಓಡಿ ಬಂದು, 'ಕೊಡೋ, ಮುಂದಿನ ಸರದಿ ನಮ್ಮನೇದು' ಅಂತ ಕಿತ್ಕೊಂಡು ಹೋದ. ಇಪ್ಪತ್ತು ವರ್ಷ ಕೋಳಿ ಫಾರಂ ತಪಾಸಣೇಲಿದ್ದೆ. ಕೋಳಿ ಯಾವತ್ತೂ ಸುಳ್ಳು ಹೇಳಿಲ್ಲ."

"ಏನು ಮಾಡಿದ್ರೆ ನಂಬ್ತೀರಿ?"

"ಮನೆಯವರ ಮಾತು ಎರಡಾದ್ರೆ ನೆರೆಯವರ ಸಹಿ ಬೇಕು. ಕಣ್ಣಾರೆ ಕಂಡೋರು."

ಆ ಹೊತ್ತಿಗೆ ಬೀದಿಯ ಮನೆಗಳಿಗೆಲ್ಲ ಬೀಗ. ಉಳಿದದ್ದು ಗೆಜೆಟ್ ಒಬ್ಬಳೇ. ಹತ್ತು ಹೆಜ್ಜೆ ಅಗಲದ ಬೀದಿ. ನಡುವಿಗೆ ಬರುವಷ್ಟರಲ್ಲಿ ಅತ್ತೆ ಎರಡು ಸಲ ಸೆರಗು ಸರಿಪಡಿಸಿಕೊಂಡರು.

"ಏನ್ರೀ, ಅಳಿಯಂದಿರ ಬೆನ್ನು ಹೇಗಿದೆ?" ಎಂದಳು ಗೆಜೆಟ್.

"ಬೆನ್ನಿಗೇನೂ ಆಗಿಲ್ಲ. ಅವನು ಮಗು ನೋಡ್ಕೊಳ್ಳೋಕೆ ಮನೇಲಿರೋದು. ಒಗೆಯೋದೂ ಅವನೇ."

"ಏನು ಒಗೀತಾರೆ? ಈಚೆಗೆ ಕಿವಿ ಮಂದ ನನಗೆ."

ಮೂರನೇ ಮನೆಯಲ್ಲಿ ಹಾಲುಕ್ಕಿದ್ದು ಕೇಳಿಸುವ ಕಿವಿ ಅದು. ಅತ್ತೆ ಹಲ್ಲು ಕಚ್ಚಿ, ಬೀದಿಯ ನಡುವೆ ನಿಂತು, "ಉಚ್ಚೆಬಟ್ಟೆ" ಎಂದು ಕೂಗಿದರು.

ಗೆಜೆಟ್ ಕಾಲೊರೆಸು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದಳು. "ಎಲ್ಲಿ ಸಹಿ?"

"ನೀವು ಕಣ್ಣಾರೆ ಕಂಡಿದೀರಾ?" ಕೇಳಿದ ತಪಾಸಣೆಯವನು.

"ದಿನಾ ಬೆಳಿಗ್ಗೆ ಆರು ಗಂಟೆಗೆ. ಮೂಳೆ ಜಾರಿದ ಮನುಷ್ಯ ಎದೆಗೆ ಮಗು ಕಟ್ಕೊಂಡು, ಎರಡು ಕೈಲಿ ಎರಡು ಬಕೆಟ್ ಹಿಡ್ಕೊಂಡು ಮಹಡಿ ಹತ್ತೋದನ್ನ ನೋಡ್ತಾನೇ ನಾನು ಹಲ್ಲುಜ್ಜೋದು."

"ಹಾಗಾದ್ರೆ ನಿಮಗೆ ಗೊತ್ತಿತ್ತು," ಎಂದರು ಅತ್ತೆ.

"ಗೊತ್ತಿದ್ದೂ ಹೊಟ್ಟೇಲಿಟ್ಕೊಳ್ಳೋಕೆ ನನಗೆ ಬರುತ್ತೇನ್ರೀ? ಮೊದಲ್ನೇ ವಾರವೇ ಇಡೀ ಬೀದಿಗೆ ಹೇಳಿದೀನಿ. ಎಲ್ಲ ಮನೇಲೂ ಹೆಂಡ್ತೀರು ನಿಮ್ಮ ಅಳಿಯನ್ನ ತೋರಿಸಿ ಗಂಡಂದಿರನ್ನ ಹಂಗಿಸ್ತಾರೆ. ನಿಮ್ಮ ಅಳಿಯಂದಿರನ್ನ ಕಂಡ್ರೆ ಈ ಬೀದಿ ಗಂಡಸರು ಗೋಡೆ ಸವರ್ಕೊಂಡು ಓಡಾಡ್ತಾರೆ. ನಿಮಗೆ ಬೇಜಾರಾಗ್ಬಾರ್ದು ಅಂತ ಬೆನ್ನು ಹೇಗಿದೆ ಅಂತ ಕೇಳ್ತಿದ್ವಿ, ಅಷ್ಟೇ."

ಎರಡು ತಿಂಗಳು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು. ಅತ್ತೆಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಗೆಜೆಟ್ ಸಹಿ ಹಾಕಿ ಪೆನ್ನು ಮುಚ್ಚುವ ಹೊತ್ತಿಗೆ, ಗೋಡೆ ಸವರಿಕೊಂಡು ಓಡಾಡುವ ಗಂಡಸರು ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಎಷ್ಟು ತಡೆದರೂ ತುಟಿ ಅರಳಿತು.

"ಕೊನೇ ಪ್ರಶ್ನೆ," ಎಂದ ತಪಾಸಣೆಯವನು. "ತಂದೆಗೆ ಇದನ್ನೆಲ್ಲ ಕಲಿಸಿದ್ದು ಯಾರು?"

"ಬರ್ಕೊಳ್ಳಿ, ನಾನು," ಎಂದರು ಅತ್ತೆ, ರೆಪ್ಪೆ ಬಡಿಯದೆ.

ಗೆಜೆಟ್ ಗಹಗಹಿಸಿದ ರಭಸಕ್ಕೆ ಮಗು ಬೆಚ್ಚಿ ಎದ್ದು ರಾಗ ತೆಗೆಯಿತು. ಅಳಿಯ ಹೊರಗೆ ಬಂದು, ಅದನ್ನು ಅತ್ತೆಯ ತೋಳಿಗೆ ವರ್ಗಾಯಿಸಿದ.

"ಕಲಿಸಿದವರು ಇದೀರಲ್ಲ, ಸಾಹೇಬ್ರಿಗೆ ಒಂದ್ಸಲ ಮಲಗಿಸಿ ತೋರಿಸಿ. ನಾನು ಊಟ ಮಾಡ್ತೀನಿ."

ಅತ್ತೆ ಕುಲುಕಿದಷ್ಟೂ ಅಳು ಏರಿತು. ತಪಾಸಣೆಯವನು ಇನ್ನೂ ಮನೆಗಳು ಬಾಕಿ ಇವೆ ಎಂದು ಕಾಲಿಗೆ ಬುದ್ಧಿ ಹೇಳಿದ. ಅಷ್ಟರಲ್ಲಿ ಗೆಜೆಟ್ಟಿನ ಗಂಡ ಊಟಕ್ಕೆಂದು ಬೀದಿಯ ಆ ಅಂಚಿನಲ್ಲಿ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಅತ್ತೆ ಕಿರುಚುವ ಕೂಸನ್ನು ಎತ್ತಿಕೊಂಡೇ ಹೊಸ್ತಿಲು ದಾಟಿ, ಅವನ ದಾರಿಗೆ ಅಡ್ಡ ನಿಂತರು.

"ನಮ್ಮ ಅಳಿಯ ಈಗ ಊಟಕ್ಕೆ ಕೂತಿದಾನೆ, ನೋಡಿ. ಬೆಳಿಗ್ಗೆಯಿಂದ ರಾಶಿ ಬಟ್ಟೆ ಒಗೆದ, ಪಾಪ. ನೀವು ಏನೇನು ಒಗೆದ್ರಿ?"